ಬದಿಗೆ ಸರಿದವಳು

ಹೊಸ ಕೈಗವಸಿಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ ಎಂದು ಹೆನೊವೇವಾ ತಫೋಯಾಳಿಗೆ ಗೊತ್ತಾದದ್ದು ಕಾಲುವೆಯೊಳಕ್ಕೆ ಇಳಿದು ನಿಂತ ಮೇಲೆ, ಅದೂ ಫಕುಂದೊ ನಕ್ಕಾಗ. "ಜಡ್ಜಮ್ನೋರು ಗ್ಲೌಸು ವಾಪಸ್ ಮಾಡೋ ಯೋಚ್ನೇಲಿದಾರೆ ಕಣ್ರೋ, ಚೀಟಿ ಕಿತ್ತೇ ಇಲ್ಲ" ಎಂದು ಅವನು ಪಕ್ಕದವನಿಗೆ ಹೇಳಿದ್ದು ಊರಿಗೆಲ್ಲ ಕೇಳುವಷ್ಟು ಜೋರಾಗಿತ್ತು. ಸಲಿಕೆ ಹಿಡಿದು ಸಾಲಾಗಿ ನಿಂತಿದ್ದ ಗಂಡಸರು ನಕ್ಕರು. ಅವಳೂ ನಕ್ಕಳು. ವಕೀಲರು ಪೀಠದ ಎದುರು ತಮಾಷೆ ಮಾಡಿದಾಗ ಎಷ್ಟು ನಗಬೇಕೋ ಅಷ್ಟೇ ನಕ್ಕಳು, ಆ ಅಳತೆ ಇಲ್ಲಿಗೆ ಸಲ್ಲುವುದಿಲ್ಲವೆಂದು ನಗು ಮುಗಿಯುವ ಮೊದಲೇ ಅನ್ನಿಸಿತು. ಚೀಟಿಯನ್ನು ಹಲ್ಲಿನಿಂದ ಕಿತ್ತು ಜೇಬಿಗೆ ಹಾಕಿಕೊಂಡಳು. ಕೆಳಗೆ ಎಸೆಯಬಹುದಿತ್ತು, ಎಸೆದರೆ ಕಾಲುವೆ ಬಳಿಯಲು ಬಂದವಳು ಕಾಲುವೆಯೊಳಗೆ ಕಸ ಹಾಕಿದಳು ಎಂದಾಗುತ್ತಿತ್ತು. ಇಷ್ಟು ಸಣ್ಣ ವಿಷಯಕ್ಕೂ ಹೀಗೆ ಎರಡೂ ಪಕ್ಷದ ವಾದ ಕೇಳುವ ತನ್ನ ಮನಸ್ಸಿನ ಬಗ್ಗೆ ಅವಳಿಗೆ ಬೇಸರ ಬಂತು.

ಪ್ರತಿ ವಸಂತದಲ್ಲೂ ನದಿಯ ತೂಬು ತೆರೆಯುವ ಮೊದಲು ಪಲೋಮಾರ್‌ನ ಜನ ಕಾಲುವೆಯ ಹೂಳೆತ್ತುತ್ತಾರೆ. ನೀರಿನ ಹಕ್ಕಿರುವ ಪ್ರತಿ ಮನೆಯಿಂದ ಒಂದು ಆಳು, ಒಂದು ಸಲಿಕೆ. ಅಪ್ಪ ಸತ್ತ ಮೇಲೆ ಹೊಲ ಹೆನೊವೇವಾಳ ಹೆಸರಿಗೆ ಬಂದಿತ್ತು. ಇಷ್ಟು ವರ್ಷ ಅವಳು ರಾಜಧಾನಿ ಸಾಂತಾ ಫೇಯಿಂದ ಫೋನು ಮಾಡಿ ಕೂಲಿಯವನೊಬ್ಬನನ್ನು ಕಳಿಸುತ್ತಿದ್ದಳು. ಈ ವರ್ಷ ತಾನೇ ಬಂದಳು. ಯಾಕೆ ಬಂದೆ ಎಂದು ದಾರಿಯುದ್ದಕ್ಕೂ ಕೇಳಿಕೊಂಡಿದ್ದಳು. ಕ್ಷಮೆ ಕೇಳುವುದಕ್ಕಂತೂ ಅಲ್ಲ, ಕ್ಷಮೆ ಕೇಳುವಂಥದ್ದು ಏನೂ ನಡೆದಿಲ್ಲ. ಮುಖ ತೋರಿಸುವುದಕ್ಕೆ ಇರಬೇಕು. ಮುಖ ಮರೆಸಿಕೊಂಡಳು ಎಂದು ಯಾರೂ ಹೇಳಬಾರದಲ್ಲ. ಈ ಕಾರಣದಲ್ಲಿ ಎಷ್ಟು ಪಾಲು ಧೈರ್ಯ, ಎಷ್ಟು ಪಾಲು ಜಂಬ ಎಂದು ಬೇರ್ಪಡಿಸಲು ನೋಡಿ, ಕೊನೆಯ ಬೆಟ್ಟ ಇಳಿಯುವ ಹೊತ್ತಿಗೆ ಕೈಬಿಟ್ಟಿದ್ದಳು. ಈಗ ಊರಿನ ನೀರುಗಂಟಿ ಆರ್ಸೆನಿಯೊ ಲುಹಾನ್ ದಡದ ಮೇಲೆ ನಡೆಯುತ್ತ, ತನ್ನ ಕೋಲಿನಿಂದ ನೆಲ ಅಳೆದು ಒಬ್ಬೊಬ್ಬರಿಗೂ ಒಂದೊಂದು ತುಂಡು ಹಂಚುತ್ತಿದ್ದ. ಅವನೂ ಅವಳೂ ಒಂದೇ ತರಗತಿಯಲ್ಲಿ ಓದಿದವರು, ಒಂದೇ ಬಸ್ಸಿನಲ್ಲಿ ಕೂತು ಹೋದವರು. ಅವಳ ಮುಂದೆ ಬಂದಾಗ ಅವನು ನಿಲ್ಲಲೂ ಇಲ್ಲ, ನಗಲೂ ಇಲ್ಲ. ಕೋಲಿನ ತುದಿಯಿಂದ ರಸ್ತೆಯ ಮೋರಿಯ ಬುಡ ತೋರಿಸಿದ. "ಇಲ್ಲಿಂದ ಆ ಕಲ್ಲಿನವರೆಗೆ ನಿಂದು, ವೇವಾ. ಬೇರು ಜಾಸ್ತಿ ಇದೆ, ಕೊಡಲಿ ಬೇಕಾದ್ರೆ ಕೇಳು." ಅದು ಇಡೀ ಕಾಲುವೆಯಲ್ಲೇ ಕೆಟ್ಟ ತುಂಡು ಎಂದು ಹುಟ್ಟಿದ ಮಗುವಿಗೂ ಗೊತ್ತಿತ್ತು. ಬೇಕೆಂದೇ ಕೊಟ್ಟನೋ, ಕೋಲಿನ ಅಳತೆಗೆ ತಾನಾಗಿ ಬಂತೋ ಎಂದು ಯೋಚಿಸುತ್ತ ಅವಳು ಸಲಿಕೆಯನ್ನು ಮಣ್ಣಿಗೆ ಒತ್ತಿದಳು. ಸಲಿಕೆ ಬೆರಳಿನಷ್ಟೂ ಇಳಿಯಲಿಲ್ಲ.

ಮಣ್ಣು ಚಳಿಗಾಲವಿಡೀ ಗಟ್ಟಿಯಾಗಿ ಕೂತಿತ್ತು. ಕಾಲಿನಿಂದ ತುಳಿದು, ಮೈಭಾರ ಬಿಟ್ಟು, ಮೊದಲ ಹೆಂಟೆ ಎತ್ತಿ ದಡದ ಮೇಲಕ್ಕೆ ಎಸೆದಾಗ ಅರ್ಧ ಅವಳ ಬೂಟಿನ ಮೇಲೆಯೇ ಬಿತ್ತು. ಎರಡನೆಯದು ಸರಿಯಾಗಿ ಹೋಯಿತು. ಅರವತ್ತರ ಹತ್ತಿರದ ಬೆನ್ನು ನೆನಪಿಟ್ಟುಕೊಂಡಿರುವ ಕೆಲಸಗಳೂ ಇರುತ್ತವೆ. ಅಪ್ಪ ಎಪಿಮೆನಿಯೊ ಅವಳಿಗೆ ಸಲಿಕೆ ಹಿಡಿಯಲು ಕಲಿಸಿದ್ದ, ಹೆಸರು ಹೇಳಲು ಕಲಿಸಿದ್ದ. ಹೆಸರನ್ನು ಪೂರ್ತಿ ಹೇಳು, ಅವರಿಗೆ ಬಾಯಿ ತಿರುಗದಿದ್ದರೆ ಇನ್ನೊಮ್ಮೆ ಹೇಳು, ಕತ್ತರಿಸಿ ಮಾತ್ರ ಕೊಡಬೇಡ. ದೂರದ ಊರಿನ ಕಾನೂನು ಶಾಲೆಯಲ್ಲಿ ಪ್ರಾಧ್ಯಾಪಕನೊಬ್ಬ ಹಾಜರಿ ಕರೆಯುವಾಗ ಅವಳ ಹೆಸರಿನ ಹತ್ತಿರ ಬಂದು ನಿಂತು, ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡವನಂತೆ ಉಫ್ ಉಫ್ ಎಂದು, ಮೊದಲ ಅಕ್ಷರವನ್ನು ಇಂಗ್ಲಿಷಿನಂತೆ ಜಕಾರ ಮಾಡಿ, "ಜೆನ್ ಅಂತ ಕರೀಲಾ?" ಎಂದಿದ್ದ. ಇಡೀ ತರಗತಿ ತಿರುಗಿ ನೋಡಿತ್ತು. ಅವಳು ಎದ್ದು ನಿಂತು ಪೂರ್ತಿ ಹೆಸರು ಹೇಳಿದಳು. ಇನ್ನೊಮ್ಮೆ ಹೇಳಿದಳು. ಆ ವರ್ಷ ಮುಗಿಯುವಷ್ಟರಲ್ಲಿ ಅವನ ಬಾಯಿ ತಿರುಗಿತ್ತು. ಬಹುಮಾನದ ದಿನ ಅವಳ ಹೆಸರನ್ನೇ ಮೊದಲು ಕರೆಯಬೇಕಾಗಿ ಬಂದಾಗ ಚೆನ್ನಾಗಿಯೇ ಕರೆದ. ಆದರೆ ಎಲ್ಲ ಸಲವೂ ಹಾಗೆ ಎದ್ದು ನಿಂತಿದ್ದಳೇ? ವಕೀಲೆಯಾಗಿ ಮೊದಲ ಬಾರಿ ಜಿಲ್ಲಾ ನ್ಯಾಯಾಲಯದ ಬಾಗಿಲು ದಾಟಿದ ಬೆಳಿಗ್ಗೆ ಗುಮಾಸ್ತೆ ತಲೆಯೆತ್ತದೆ "ದುಭಾಷಿ ಅಲ್ವಾ, ಆ ಬೆಂಚು" ಎಂದಿದ್ದಳು. ಇವಳು ಹೋಗಿ ಆ ಬೆಂಚಿನಲ್ಲಿ ಕೂತಿದ್ದಳು, ತನ್ನ ಕಕ್ಷಿದಾರನ ಹೆಸರು ಕೂಗುವ ತನಕ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ಬಾಯಿ ಬಿಡದೆ. ಯಾಕೆ ಕೂತೆ? ಇದನ್ನು ಗಂಡನಿಗೂ ಹೇಳಿರಲಿಲ್ಲ. ಮುಂದೆ ಅದೇ ಕೋಣೆಗೆ ಅವಳು ನ್ಯಾಯಾಧೀಶೆಯಾಗಿ ಬಂದಾಗ ಆ ಬೆಂಚು ಅಲ್ಲೇ ಇತ್ತು. ತೆಗೆಸಬಹುದಿತ್ತು, ತೆಗೆಸಲಿಲ್ಲ. ದಿನವೂ ಎತ್ತರದ ಕುರ್ಚಿಯಿಂದ ಅದನ್ನು ನೋಡುವುದರಲ್ಲಿ ಒಂದು ಸುಖವಿತ್ತು. ಆ ಸುಖ ಒಳ್ಳೆಯದೇನಲ್ಲ, ಆದರೂ ಅದು ತಾನೇ ಗಳಿಸಿದ್ದು.

ಬೇರಿಗೆ ಕೊಡಲಿ ಹಾಕಿದಾಗ ಕೈಗೆ ಜುಂ ಎಂದಿತು. ಮೋರಿಯ ಬಾಯಲ್ಲಿ ವಿಲೋ ಮರದ ಬೇರುಗಳು ಮುದುಕಿಯ ಜಡೆಯ ಹಾಗೆ ಹೆಣೆದುಕೊಂಡಿದ್ದವು. ಆ ಕಡೆಯ ತುಂಡಿನಲ್ಲಿ ಫಕುಂದೊ ಶಿಳ್ಳೆ ಹಾಕುತ್ತ ಮಣ್ಣೆತ್ತುತ್ತಿದ್ದ. ಅವನ ಹೊಲ ಕಾಲುವೆಯ ಬಾಲದಲ್ಲಿದೆ. ನೀರು ಕಡಿಮೆಯಾದರೆ ಮೊದಲು ಒಣಗುವುದು ಅವನದು. ನೀರು ಕಡಿಮೆಯಾಗುತ್ತದೆ ಎಂಬುದು ಲೆಂಟ್ ಉಪವಾಸ ಶುರುವಾದ ವಾರ ತೀರ್ಮಾನವಾಗಿತ್ತು. ಮೇಲಿನ ಬೆಟ್ಟದಲ್ಲಿ ಹಿಮದ ಮೇಲೆ ಜಾರುವ ಆಟದ ಮೈದಾನ ನಡೆಸುವ ಕಂಪನಿಯೊಂದು ಊರು ಬಿಟ್ಟ ಕೆಲವು ಮನೆಗಳಿಂದ ನೀರಿನ ಹಕ್ಕು ಕೊಂಡುಕೊಂಡಿತ್ತು. ಆ ನೀರನ್ನು ಮೇಲಕ್ಕೆ ಸಾಗಿಸಿ ಹಿಮ ಮಾಡುತ್ತದಂತೆ. ಕಾಲುವೆಯ ಒಪ್ಪಿಗೆ ಇಲ್ಲದೆ ಕಾಲುವೆಯ ನೀರು ಹೊರಗೆ ಹೋಗುವಂತಿಲ್ಲ ಎಂದು ಪಲೋಮಾರ್ ವಾದಿಸಿತ್ತು. ಕೆಳಗಿನ ಕೋರ್ಟಿನಲ್ಲಿ ಗೆದ್ದು, ನಡುವಿನದರಲ್ಲಿ ಸೋತು, ಕೊನೆಗೆ ರಾಜ್ಯದ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಿತ್ತು, ಹೆನೊವೇವಾ ತಫೋಯಾ ಕೂರುವ, ಐದು ಕುರ್ಚಿಗಳ ಪೀಠಕ್ಕೆ. ಊರು ಮೇಣದಬತ್ತಿ ಹಚ್ಚಿತ್ತು. ಅವಳು ಕಡತದ ಮೊದಲ ಪುಟ ನೋಡಿದವಳೇ ಅದನ್ನು ಮುಚ್ಚಿದಳು. ಅಪ್ಪನ ಹೊಲ ಕುಡಿಯುವುದು ಅದೇ ಕಾಲುವೆಯ ನೀರು. ತನ್ನದೇ ನೀರಿನ ಮೇಲೆ ತಾನು ತೀರ್ಪು ಕೊಡುವಂತಿಲ್ಲ. ಬದಿಗೆ ಸರಿದಳು. ಅವಳ ಕುರ್ಚಿಯಲ್ಲಿ ಕೂರಲು ದಕ್ಷಿಣದ ಎಣ್ಣೆಬಾವಿಗಳ ಸೀಮೆಯಿಂದ ಜಿಲ್ಲಾ ನ್ಯಾಯಾಧೀಶನೊಬ್ಬ ಬಂದ. ಸಜ್ಜನ, ಓದಿಕೊಂಡವನು. ಇಬ್ಬರು ಊರಿನ ಕಡೆ, ಇಬ್ಬರು ಕಂಪನಿಯ ಕಡೆ. ಐದನೆಯವನು ಕಂಪನಿಯ ಕಡೆ ಕೈ ಎತ್ತಿದ. ಆ ಕೈ ಎದ್ದದ್ದು ಅವಳ ಕುರ್ಚಿಯ ತೋಳಿನ ಮೇಲಿಂದ.

ವಾದದ ದಿನ ಅವಳು ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಬೇರೆ ಯಾವುದೋ ಮೊಕದ್ದಮೆ ಓದುತ್ತಿದ್ದಳು. ಒಂದೇ ಸಾಲನ್ನು ಮತ್ತೆ ಮತ್ತೆ ಓದಿ, ನೀರು ಕುಡಿಯಲು ಎಂದು ಮೊಗಸಾಲೆಗೆ ಬಂದರೆ ಎದುರಿಗೆ ಪಲೋಮಾರ್. ಆರ್ಸೆನಿಯೊ ಮದುವೆಯ ಕೋಟು ಹಾಕಿದ್ದ. ತಿಯಾ ಇಸೌರಾ ಚರ್ಚಿಗೆ ಹೋಗುವ ಕಪ್ಪು ಶಾಲು ಹೊದ್ದಿದ್ದಳು. ಅವಳು ಹೆನೊವೇವಾಳ ದೊಡ್ಡಪ್ಪನ ಹೆಂಡತಿ, ಇಡೀ ಊರಿಗೇ ತಿಯಾ, ಅಂದರೆ ದೊಡ್ಡಮ್ಮ. ಅಮ್ಮ ತೀರಿಕೊಂಡಾಗಿನಿಂದ ಇವಳಿಗೆ ಅನ್ನ ಹಾಕಿದವಳು, ಪ್ರಮಾಣವಚನದ ದಿನ ಬೈಬಲ್ ಹಿಡಿದು ನಿಂತವಳು. ಮುದುಕಿ ಕೈ ಎತ್ತಿದಳು. ಕರೆಯುವುದಕ್ಕೂ ಇರಬಹುದು, ಹರಸುವುದಕ್ಕೂ ಇರಬಹುದು. ಹೆನೊವೇವಾ ತಲೆ ಬಾಗಿಸಿ, ನಡಿಗೆ ನಿಧಾನ ಮಾಡದೆ, ದಾಟಿಹೋದಳು. ನಿಲ್ಲುವಂತಿರಲಿಲ್ಲ. ಕಂಪನಿಯ ವಕೀಲರು ನಾಲ್ಕು ಹೆಜ್ಜೆಯಲ್ಲಿದ್ದರು. ನಿಯಮ ಸರಿ, ಆದರೆ ಆ ಎತ್ತಿದ ಕೈ ಗಾಳಿಯಲ್ಲಿ ಹಾಗೆಯೇ ಉಳಿದು, ನಿಧಾನವಾಗಿ ಶಾಲನ್ನು ಸರಿಮಾಡುವ ನೆಪ ಮಾಡಿಕೊಂಡು ಕೆಳಗಿಳಿದದ್ದನ್ನು ಅವಳು ಕಣ್ಣಂಚಿನಲ್ಲಿ ನೋಡಿದ್ದಳು. ಆಮೇಲೆ ಇನ್ನೂ ಒಂದಿತ್ತು, ಯಾರಿಗೂ ಕಾಣದ್ದು. ಬರೆಯಬಾರದ ತೀರ್ಪನ್ನು ಅವಳ ಮನಸ್ಸು ತಾನಾಗಿ ಬರೆದಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ವಾಕ್ಯ ಬಂದು ನಿಂತಿತು: ನೀರನ್ನು ಕಾಲುವೆಯಿಂದ ಬೇರೆ ಮಾಡಬಹುದು, ಊರನ್ನು ನೀರಿನಿಂದ ಬೇರೆ ಮಾಡಲಾಗದು. ಎಂಥ ವಾಕ್ಯ! ಅದರ ಹಿಂದೆ ಹಳೆಯ ತೀರ್ಪುಗಳು ತಾವಾಗಿ ಸಾಲುಗಟ್ಟಿದವು, ಕಂಪನಿಯ ವಾದದ ಕಾಲು ಎಲ್ಲಿ ಕುಂಟು ಎಂಬುದೂ ಕಂಡಿತು. ಅವಳು ಬಾಯಿ ಮುಕ್ಕಳಿಸಿ ಉಗಿದಳು. ವಾಕ್ಯ ಹೋಗಲಿಲ್ಲ, ಈಗಲೂ ಒಳಗಿದೆ. ಅದು ಗೆಲ್ಲುತ್ತಿತ್ತು ಎಂಬ ನೋವಿಗಿಂತ, ಅದು ಎಷ್ಟು ಚೆನ್ನಾಗಿದೆ ಎಂಬ ಹೆಮ್ಮೆಯೇ ಹೆಚ್ಚು ಕುಟುಕುತ್ತದಲ್ಲ, ಇದೆಂಥ ಮನಸ್ಸು.

ಬಿಸಿಲು ಏರಿತು. ಪಾಪ್ಲರ್ ಮರಗಳ ಕೆಳಗೆ ಟ್ರಕ್ಕಿನ ಹಿಂಬಾಗಿಲು ತೆರೆದು ತಿಯಾ ಇಸೌರಾ ಊಟ ಬಡಿಸತೊಡಗಿದಳು. ಹೂಳೆತ್ತುವ ದಿನದ ಊಟ ಅವಳದೇ, ನೆನಪಿರುವ ಕಾಲದಿಂದ. ಬೇಯಿಸಿದ ಬೀನ್ಸ್ ಕಾಳು, ಕೆಂಪು ಮೆಣಸಿನಕಾಯಿಯ ಗಟ್ಟಿ ಸಾರಿನಲ್ಲಿ ಬೆಂದ ಹಂದಿಮಾಂಸ, ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ಗೋಧಿ ರೊಟ್ಟಿ. ಹೆನೊವೇವಾ ಸಾಲಿನ ಕೊನೆಯಲ್ಲಿ ನಿಂತಳು. ಮೊದಲ ಬೊಬ್ಬೆ ಒಡೆದಿದ್ದರಿಂದ ತಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದಿದ್ದಳು. ಮುದುಕಿ ಅವಳ ಕೈ ನೋಡಿದಳು, ಮುಖ ನೋಡಲಿಲ್ಲ, ಎಲ್ಲರಿಗಿಂತ ಒಂದು ಸೌಟು ಹೆಚ್ಚೇ ಹಾಕಿದಳು.

"ತಿನ್ನು, ಮಿಹಾ. ಒಣಗಿದೀಯ. ಕೋರ್ಟಲ್ಲಿ ಊಟ ಕೊಡಲ್ವಾ?"

ಮಿಹಾ, ನನ್ನ ಮಗಳೇ. ಆ ಒಂದು ಮಾತಿಗೆ ಹೆನೊವೇವಾ ದೊಡ್ಡ ತುತ್ತನ್ನೇ ಬಾಯಿಗಿಟ್ಟಳು. ತಿಯಾ ಬಡಿಸುವುದು ಮುಗಿಸಿ, ಸೆರಗಿನಂತೆ ಕಟ್ಟಿದ ಬಟ್ಟೆಗೆ ಕೈ ಒರೆಸಿಕೊಂಡು, ಅವಳ ಪಕ್ಕದಲ್ಲೇ ಮರದ ದಿಮ್ಮಿಯ ಮೇಲೆ ಕೂತಳು. ಮಾತು ಒಂದೊಂದಾಗಿ ನಿಂತಿತು. ಎಲ್ಲರೂ ತಟ್ಟೆ ನೋಡಿಕೊಂಡು ಕೂತಿದ್ದರು, ಯಾರೂ ಅಗಿಯುತ್ತಿರಲಿಲ್ಲ. ಇದು ಮೊದಲೇ ಮಾತಾಡಿಕೊಂಡದ್ದು ಎಂದು ಅವಳಿಗೆ ಅರ್ಥವಾಯಿತು.

"ವಕೀಲ ಹೇಳ್ದ, ಇನ್ನೊಂದ್ಸಲ ಕೇಳಿ ಅಂತ ಅರ್ಜಿ ಹಾಕಿದಾನಂತೆ. ಇನ್ನೂ ಏನೂ ಆಗಿಲ್ವಂತೆ. ಹೌದಾ?"

"ಅದರ ಬಗ್ಗೆ ನಾನು ಮಾತಾಡೋ ಹಾಗಿಲ್ಲ, ತಿಯಾ."

"ಮಾತಾಡ್ಬೇಡ. ಕೇಳಿಸ್ಕೋ. ಆ ದೊಡ್ಡ ಜಡ್ಜು ಇದಾನಲ್ಲ, ಬಿಳಿ ಗಡ್ಡದೋನು, ನೀನು ಪ್ರಮಾಣ ಮಾಡಿದ ದಿನ ನನ್ನ ಕೈಯೂಟ ಉಂಡು, ಇನ್ನೂ ಎರಡು ಸಲ ಹಾಕಿಸ್ಕೊಂಡ. ಮೀಸೆಯೆಲ್ಲ ಸಾರು. ಅವನ ಜೊತೆ ದಿನಾ ಕಾಫಿ ಕುಡೀತೀಯ ನೀನು. ಒಂದೇ ಒಂದು ಮಾತು. ಅವರು ನಮ್ಮೋರು, ಒಳ್ಳೆ ಜನ, ಇನ್ನೊಂದ್ಸಲ ನೋಡಿ ಅಂತ. ತೀರ್ಪು ಹೀಗೇ ಕೊಡಿ ಅಂತ ಹೇಳು ಅಂತೀನಾ? ಇಲ್ಲ. ನೋಡಿ ಅಂತ."

ಎಷ್ಟು ಸಣ್ಣ ಮಾತು. ಮುಖ್ಯ ನ್ಯಾಯಮೂರ್ತಿ ನಿಜಕ್ಕೂ ಒಳ್ಳೆಯವನು, ಅವಳ ಮಾತಿಗೆ ಬೆಲೆ ಕೊಡುವವನು. ಕಾಫಿ ಬಟ್ಟಲಿನ ಮೇಲಿಂದ ಒಮ್ಮೆ ಹುಬ್ಬು ಏರಿಸಿದರೂ ಸಾಕು, ಅವನಿಗೆ ತಿಳಿಯುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಅವಳಿಗೂ, ಪ್ರಯತ್ನಪಟ್ಟರೆ, ಗೊತ್ತಾಗದ ಹಾಗೆ ಇರಬಹುದು. ಬಾಯಲ್ಲಿದ್ದ ತುತ್ತನ್ನು ನುಂಗಿದಳು. ಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಅದನ್ನು ಜನ ಬೇರೆ ರೀತಿ ತಿಳಿದಾರು ಎಂದು ಮುಖ ನೇರ ಮಾಡಿದಳು.

"ಇಲ್ಲ, ತಿಯಾ."

"ಇಲ್ಲ ಅಂದ್ರೆ?"

"ಹೇಳಲ್ಲ."

"ಹೇಳಿದ್ರೆ ಕೈ ಕೊಳೆ ಆಗತ್ತಲ್ಲ, ತಿಯಾ. ಅದಕ್ಕೇ ಹೊಸ ಗ್ಲೌಸು" ಎಂದ ಫಕುಂದೊ. ಈ ಸಲ ಯಾರೂ ನಗಲಿಲ್ಲ.

ಅವಳು ಅವನ ಕಡೆ ತಿರುಗಿದಳು. ಪೀಠದ ಮೇಲಿಂದ ತಿರುಗುವ ಹಾಗೆ ತಿರುಗಿದೆನೇ ಎಂಬ ಅನುಮಾನ ಬಂದು ದನಿ ತಗ್ಗಿಸಿದಳು. "ಕೇಳು, ಫಕುಂದೊ. ನಾನಿವತ್ತು ಒಂದು ಮಾತು ಹೇಳ್ತೀನಿ ಅಂತ ಇಟ್ಕೋ. ನಾಳೆ ಆ ಕಂಪನಿಯೋರ ಕಡೆಯಿಂದ ಯಾರೋ ಬಂದು ಒಂದು ಮಾತು ಹೇಳ್ತಾರೆ. ಗಾಲ್ಫ್ ಆಡ್ತಾ ಹೇಳ್ತಾರೆ, ಊಟಕ್ಕೆ ಕರೆದು ಹೇಳ್ತಾರೆ. ಅಂಥ ಮಾತು ಹೇಳೋರು ಅವರ ಹತ್ರ ಎಷ್ಟು ಜನ ಇದಾರೆ, ನಮ್ಮ ಹತ್ರ ಎಷ್ಟು ಜನ ಇದಾರೆ? ನಾನೊಬ್ಳು. ಹಿತ್ತಲ ಬಾಗಿಲು ತೆಗೆದ್ರೆ ಮೊದಲು ನುಗ್ಗೋದು ನಾವಲ್ಲ."

"ಮುಂಬಾಗಿಲಿಂದ ಹೋದ್ವಲ್ಲ" ಎಂದ ಫಕುಂದೊ. ದನಿಯಲ್ಲಿ ತಮಾಷೆ ಇರಲಿಲ್ಲ. "ಕೋಟು ಹಾಕ್ಕೊಂಡು, ಟೋಪಿ ಕೈಲಿ ಹಿಡ್ಕೊಂಡು ಹೋದ್ವಲ್ಲ. ಏನಾಯ್ತು? ಮುಚ್ಚಿದ್ರಲ್ಲ."

ಅವಳಲ್ಲಿ ಇದ್ದ ಉತ್ತರಗಳೆಲ್ಲ ಪುಸ್ತಕದವು. "ಹೌದು" ಎಂದಳು. "ಮುಚ್ಚಿದ್ರು."

ತಿಯಾ ಇಸೌರಾ ಎದ್ದಳು. ಹೆನೊವೇವಾಳ ತೊಡೆಯ ಮೇಲಿನ ತಟ್ಟೆಯನ್ನು, ಅದರಲ್ಲಿ ಇನ್ನೂ ಅರ್ಧ ಊಟವಿದ್ದಂತೆಯೇ, ಎತ್ತಿಕೊಂಡಳು. "ಆಯ್ತಲ್ಲ" ಎಂದು ಟ್ರಕ್ಕಿನ ಕಡೆ ಹೋದಳು. ಆರ್ಸೆನಿಯೊ ಕೋಲು ಊರಿ ಎದ್ದು, ಬಿಸಿಲು ನೋಡಿ, "ಏಳ್ರಪ್ಪಾ, ನೀರು ಕಾಯಲ್ಲ" ಎಂದ.

ಮತ್ತೆ ಮೋರಿಯ ಬುಡ. ಅರ್ಧ ಹೊಟ್ಟೆಯ ಉರಿ, ಅಂಗೈಯ ಉರಿ, ಕಿವಿಯ ಉರಿ. ಎಲ್ಲರೆದುರು ತಟ್ಟೆ ಕಿತ್ತುಕೊಂಡದ್ದು. ರಾಜ್ಯಪಾಲರು ನೇಮಿಸಿ ಅವಳು ಪ್ರಮಾಣ ಮಾಡಿದ ದಿನ ಇದೇ ಮುದುಕಿ ಶಾಲೆಯ ಬಸ್ಸು ಹಿಡಿದು ಇಡೀ ಊರನ್ನು ರಾಜಧಾನಿಗೆ ತುಂಬಿಕೊಂಡು ಬಂದಿದ್ದಳು. ಪಿಟೀಲು, ಗಿಟಾರು, ಹೊಗೆಯಾಡುವ ಪಾತ್ರೆಗಳು. ಅಮೃತಶಿಲೆಯ ಮೆಟ್ಟಿಲ ಮೇಲೆ ಕೂತು ಉಂಡರು. ಕಾವಲುಗಾರ ತಡೆಯಲು ಬಂದವನು ತಟ್ಟೆ ಹಿಡಿದು ಹೋದ. ಕಪ್ಪು ನಿಲುವಂಗಿಯ ಕಾಲರು ಸುಕ್ಕಾಗಿದೆಯೆಂದು ತಿಯಾ ಅದನ್ನು ಅವಳ ಮೈಮೇಲಿಂದ ಬಿಚ್ಚಿಸಿ ಇಸ್ತ್ರಿ ಮಾಡಿಸಿದ್ದಳು. "ನಮ್ಮೂರಿನೋಳು ಸುಕ್ಕು ಕಾಲರಲ್ಲಿ ಕೂರಲ್ಲ." ಆ ಕುರ್ಚಿಯಲ್ಲಿ ಕೂತು ಅವಳು ಏನೇನು ಮಾಡಿದ್ದಳು? ಮೊದಲ ವರ್ಷವೇ ನಾಲ್ವರ ವಿರುದ್ಧ ಒಬ್ಬಳೇ ನಿಂತು, ತನಗೆ ತಿಳಿಯದ ಭಾಷೆಯಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಿದ ಕುರಿಗಾಹಿಯೊಬ್ಬನ ಪರವಾಗಿ ಭಿನ್ನಮತ ಬರೆದಿದ್ದಳು. ಪತ್ರಿಕೆಗಳು ನಕ್ಕವು, ಭಾವುಕ ಹೆಂಗಸು ಎಂದವು. ಕೆಲವು ವರ್ಷಗಳಾದ ಮೇಲೆ ಶಾಸನಸಭೆ ಆ ಭಿನ್ನಮತವನ್ನೇ, ಬಹುಮಟ್ಟಿಗೆ ಅವಳ ಮಾತುಗಳಲ್ಲೇ, ಕಾಯಿದೆ ಮಾಡಿತು. ಆ ದಿನ ಅವಳು ಯಾರಿಗೂ ಹೇಳದೆ ಹಳೆಯ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ದುಭಾಷಿಗಳ ಬೆಂಚಿನಲ್ಲಿ ಒಂದು ಗಳಿಗೆ ಕೂತು ಬಂದಿದ್ದಳು. ಅದು ಸಾಲದೇ? ಯಾರಿಗೆ ಸಾಲದು? ಕುರಿಗಾಹಿಗಾಗಿ ಒಬ್ಬಳೇ ನಿಂತವಳು ತನ್ನ ಊರಿಗೆ ಒಂದು ಹುಬ್ಬು ಏರಿಸಲಾರಳು. ಸಲಿಕೆ ಕಲ್ಲಿಗೆ ತಾಗಿ ಕಿಡಿ ಹಾರಿತು. ನಾನು ಬದಿಗೆ ಸರಿದದ್ದು ನ್ಯಾಯಕ್ಕೋ, ನನ್ನ ಕಾಲರಿಗೋ? ಕಲೆಯಿಲ್ಲದ ಕಾಲರಿನ ಆಸೆ ನನಗೆ ಊರಿಗಿಂತ ದೊಡ್ಡದಾಯಿತೇ? ಅವಳು ಮಣ್ಣೆತ್ತಿದಳು, ಎಸೆದಳು. ಇರಬಹುದು, ಎಂದು ಒಳಗಿನಿಂದ ಯಾರೋ ಅಂದಂತಾಯಿತು. ಜಂಬವೇ ಇರಬಹುದು. ಆದರೆ ಆ ಜಂಬವನ್ನು ಕಳಚಿಟ್ಟು ನ್ಯಾಯವನ್ನು ಮಾತ್ರ ಮೈಮೇಲೆ ಇಟ್ಟುಕೊಂಡ ಮನುಷ್ಯ ಎಲ್ಲಿದ್ದಾನೆ? ಬೆಂಚಿನಲ್ಲಿ ಬಾಯಿ ಬಿಡದೆ ಕೂತ ಆ ಹುಡುಗಿಯನ್ನು ಮೇಲೆಬ್ಬಿಸಿದ್ದು ಅದೇ ಜಂಬ. ಅಪ್ಪ ಬಿಟ್ಟುಹೋದ ಹೊಲದ ಹಾಗೆ ಅದೂ ತನ್ನ ಪಾಲಿಗೆ ಬಂದದ್ದು, ಕಲ್ಲೂ ಇದೆ, ಬೆಳೆಯೂ ಇದೆ.

ಆರ್ಸೆನಿಯೊ ಬಂದು ದಡದ ಮೇಲೆ ಕುಕ್ಕರಗಾಲಲ್ಲಿ ಕೂತ. ಕೋಲನ್ನು ಕಾಲುವೆಯ ತಳಕ್ಕೆ ಅಡ್ಡ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. "ಸಾಲ್ದು" ಎಂದ. "ಈ ಬದಿ ಎತ್ತರ ಇದೆ. ನೀರು ಇಲ್ಲಿ ನಿಲ್ಲತ್ತೆ. ಇನ್ನೊಮ್ಮೆ ಮಾಡು."

ಅವಳಿಗೆ ಕೋಪ ನೆತ್ತಿಗೇರಿತು. "ಎಲ್ಲರಿಗೂ ಹೀಗೇನಾ, ಆರ್ಸೆನಿಯೊ? ಇಲ್ಲ ನನಗೆ ಮಾತ್ರಾನಾ?"

"ಬೆಳಿಗ್ಗೆ ನನ್ನ ತಮ್ಮನ ಕೈಲಿ ಎರಡು ಸಲ ಮಾಡ್ಸಿದೀನಿ. ಅವನೂ ಇದೇ ಕೇಳ್ದ." ಅವನು ಎದ್ದು ಮಂಡಿ ಕೊಡವಿದ. ಹೋಗುವ ಮೊದಲು, ಅವಳ ಕಡೆ ನೋಡದೆ, "ಇವತ್ತು ಬರ್ತೀಯ ಅಂತ ಯಾರೂ ಅಂದ್ಕೊಂಡಿರಲಿಲ್ಲ" ಎಂದ. ಅದು ಹೊಗಳಿಕೆಯೋ ಅಲ್ಲವೋ ಎಂದು ಅವಳು ಕೇಳಲಿಲ್ಲ. ಕೈಗವಸು ಬಿಚ್ಚಿ ಎಸೆದಳು. ಬೊಬ್ಬೆಯ ಮೇಲೆ ಕರ್ಚೀಫು ಸುತ್ತಿಕೊಂಡು ಮೊದಲಿನಿಂದ ಶುರು ಮಾಡಿದಳು. ಎತ್ತರದ ಬದಿಯನ್ನು ಕೆರೆದಳು. ಮೋರಿಯೊಳಕ್ಕೆ ಬಗ್ಗಿ, ಮೊಣಕೈವರೆಗೆ ಕೆಸರಿನಲ್ಲಿ ಕೈಹಾಕಿ, ಕೊನೆಯ ಬೇರಿನ ಗಂಟನ್ನು ಎಳೆದಳು. ಅದು ಬರಲಿಲ್ಲ. ಆ ಕಡೆಯಿಂದ ಯಾರೋ ಅದೇ ಗಂಟಿಗೆ ಕೈಹಾಕಿದ್ದು ಗೊತ್ತಾಯಿತು. "ಒಂದು, ಎರಡು, ಹೂಂ!" ಎಂದಿತು ಫಕುಂದೊನ ದನಿ, ಮೋರಿಯ ಕೊಳವೆಯೊಳಗಿಂದ. ಇಬ್ಬರೂ ಎಳೆದರು. ಗಂಟು ಕಿತ್ತು ಬಂದ ರಭಸಕ್ಕೆ ಅವಳು ಹಿಂದಕ್ಕೆ, ಕೆಸರಿನಲ್ಲಿ, ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯ ಇಡೀ ತೂಕದೊಂದಿಗೆ ಕೂತಳು. ಮೋರಿಯ ಆಚೆಯಿಂದ ಫಕುಂದೊ ಇಣುಕಿದ. ನಗು ತಡೆದುಕೊಳ್ಳಲು ನೋಡಿ ಸೋತ. ಅವಳೂ ನಕ್ಕಳು, ಈ ಸಲ ಅಳತೆಯಿಲ್ಲದೆ, ಪಕ್ಕೆ ನೋಯುವಷ್ಟು. ನಗು ನಿಂತ ಮೇಲೆ ಅವನು ಹೇಳಿದ: "ನನ್ನ ಹೊಲ ಒಣಗೋದೇನೂ ತಪ್ಪಲ್ಲ, ಜಡ್ಜಮ್ನೋರೆ." "ಗೊತ್ತು" ಎಂದಳು. ಅವನು ಬೇರನ್ನು ದಡದ ಮೇಲೆ ಎಸೆದು ತನ್ನ ತುಂಡಿಗೆ ಹೋದ.

ಸಂಜೆಯ ಹೊತ್ತಿಗೆ ಆರ್ಸೆನಿಯೊ ಮತ್ತೆ ಕೋಲು ಅಡ್ಡ ಹಿಡಿದ. ತುಂಬ ಹೊತ್ತು ನೋಡಿದ. "ಹೂಂ" ಎಂದ, ಅಷ್ಟೇ, ಮುಂದಿನವನ ಕಡೆ ನಡೆದ. ಆ ಒಂದು ಹೂಂಕಾರಕ್ಕೆ ಅವಳ ಎದೆ ಉಬ್ಬಿದ್ದನ್ನು ಸಾಂತಾ ಫೇಯಲ್ಲಿ ಯಾರಿಗೆ ತಾನೇ ಹೇಳುವುದು.

ಸಲಿಕೆಯನ್ನು ಕಾರಿನ ಹಿಂದೆ ಹಾಕುತ್ತಿದ್ದಾಗ ತಿಯಾ ಇಸೌರಾ ಖಾಲಿ ಪಾತ್ರೆ ಹಿಡಿದುಕೊಂಡು ಬಂದಳು. ದಾಟಿ ಹೋಗುತ್ತಾಳೆ ಎಂದುಕೊಂಡರೆ ನಿಂತಳು. ಪಾತ್ರೆಯನ್ನು ಕಾರಿನ ಮೂತಿಯ ಮೇಲೆ ಇಟ್ಟು ಉಸಿರು ತೆಗೆದುಕೊಂಡಳು.

"ನಿಮ್ಮಪ್ಪ, ನಿನ್ನ ದೊಡ್ಡಪ್ಪ ಯಾಕೆ ಮಾತಾಡ್ತಿರಲಿಲ್ಲ, ಗೊತ್ತಾ ನಿಂಗೆ?"

ಇಬ್ಬರು ಅಣ್ಣತಮ್ಮಂದಿರು ಒಂದೇ ದಡದ ಮೇಲೆ ಎದುರಾದರೂ ಟೋಪಿ ಸರಿಮಾಡಿಕೊಂಡು ದಾಟಿಹೋಗುತ್ತಿದ್ದುದು ಅವಳಿಗೆ ನೆನಪಿತ್ತು. ಯಾಕೆಂದು ಕೇಳಿದರೆ ಅಮ್ಮ "ಬೀನ್ಸು" ಎಂದಷ್ಟೇ ಹೇಳಿ ಬೇರೆ ಕೆಲಸಕ್ಕೆ ಹೋಗುತ್ತಿದ್ದಳು. "ಹೊಲದ ಪಾಲಿನ ಜಗಳ ಅಂದ್ಕೊಂಡಿದ್ದೆ" ಎಂದಳು.

"ಪಾಲೂ ಇಲ್ಲ ಗೀಲೂ ಇಲ್ಲ. ನೀನಾಗ ಮಗು. ನಿಮ್ಮಪ್ಪ ನೀರುಗಂಟಿ. ಬರದ ವರ್ಷ. ಈ ಆರ್ಸೆನಿಯೊನ ಅಪ್ಪ ನೀರಿನ ಸರದಿ ನಂದು ಅಂದ, ನನ್ನ ಗಂಡ ನಂದು ಅಂದ. ಕೊಡಲಿ ಎತ್ತೋವರೆಗೂ ಹೋಯ್ತು. ನೀರುಗಂಟಿ ತಾನೇ ಹೇಳ್ಬೇಕಾದ್ದು? ನಿಮ್ಮಪ್ಪ ಸಲಿಕೇನ ದಡದ ಮೇಲಿಟ್ಟ. 'ಅಣ್ಣನ ವಿಷ್ಯ, ನಾನು ಹೇಳಲ್ಲ' ಅಂದ. ಬೇರೆ ಇಬ್ಬರನ್ನ ಕರೆಸ್ದ. ಅವರು ಲುಹಾನ್ ಮನೆಗೆ ನೀರು ಅಂದ್ರು. ನಮ್ಮ ಬೀನ್ಸು ಹೊಲದಲ್ಲೇ ಹುರಿದು ಹೋಯ್ತು. ಆ ಚಳಿಗಾಲ ನಾವು ಏನು ತಿಂದ್ವಿ ಅಂತ ಕೇಳ್ಬೇಡ. ಅವತ್ತಿಂದ ನಿನ್ನ ದೊಡ್ಡಪ್ಪ ತಮ್ಮನ ಜೊತೆ ಒಂದು ಮಾತಾಡ್ಲಿಲ್ಲ. ಸಾಯೋವರೆಗೂ."

ಹೆನೊವೇವಾ ಕಾರಿನ ಬಾಗಿಲು ಹಿಡಿದುಕೊಂಡಳು. "ಅಪ್ಪ ಹೇಳಲೇ ಇಲ್ಲ."

"ಏನಂತ ಹೇಳ್ತಾನೆ? ಅಣ್ಣನ್ನ ಹಸಿವಿಗೆ ಹಾಕ್ದೆ ಅಂತಾನಾ? ಇನ್ನೂ ಇದೆ, ಕೇಳು. ಮುಂದಿನ ವರ್ಷ ನೀರುಗಂಟಿ ಆರಿಸೋಕೆ ಚರ್ಚಿನ ಅಂಗಳದಲ್ಲಿ ಸೇರಿದ್ವಿ. ಯಾರು ಯಾರು ಎಪಿಮೆನಿಯೊ ಕಡೆ ಅಂತ ಕೇಳಿದ್ರು. ಮೊದಲು ಮೇಲೆ ಹೋಗಿದ್ದು ನನ್ನ ಗಂಡನ ಕೈ. ಅದರ ಮುಂದಿನ ವರ್ಷಾನೂ. ನಿಮ್ಮಪ್ಪ ನಿಂತ ಪ್ರತಿ ವರ್ಷಾನೂ. ನಿಂಗೇನು ತಲೆ ಕೆಟ್ಟಿದ್ಯಾ, ಅಂದೆ ನಾನು. 'ಮಾತಾಡೋಕೆ ಅವನು ಬೇಡ, ಇಸೌರಾ. ನೀರಿಗೆ ಅವನೇ ಬೇಕು' ಅಂದ."

ದೂರದಲ್ಲಿ ಗಂಡಸರು ತೂಬಿನ ಕಡೆ ನಡೆಯುತ್ತಿದ್ದರು. ಒಬ್ಬರನ್ನೊಬ್ಬರು ಕೂಗಿ ಕರೆಯುವುದು ಕೇಳುತ್ತಿತ್ತು. ಮುದುಕಿ ಪಾತ್ರೆಯನ್ನು ಮತ್ತೆ ಸೊಂಟಕ್ಕೆ ಏರಿಸಿದಳು.

"ನವೆಂಬರಲ್ಲಿ ನಿನ್ನ ಹೆಸರು ಬರತ್ತಲ್ಲ ಓಟಿನ ಚೀಟೀಲಿ, ಈ ಜಡ್ಜು ಇರಲಿ ಅಂತೀರೋ ಬೇಡ ಅಂತೀರೋ ಅಂತ. ನಾನು 'ಇರಲಿ' ಅಂತ ಹಾಕ್ತೀನಿ. ಫಕುಂದೊ ಕೈಲೂ ಹಾಕಿಸ್ತೀನಿ, ಕತ್ತು ಹಿಡಿದಾದ್ರೂ ಸರಿ."

"ತಿಯಾ..."

"ಬಾಯಿ ಮುಚ್ಚು. ಈ ಬೇಸಿಗೆ ನನ್ನ ಮೆಣಸಿನ ಗಿಡ ಒಣಗತ್ತೆ. ನಾನು ಅದನ್ನ ಕಿಟಕೀಲಿ ಕೂತು ದಿನಾ ನೋಡ್ಬೇಕು. ಅದಕ್ಕೇ ನನ್ನ ಮನೆ ಬಾಗಿಲಿಗೆ ಬರಬೇಡ. ನಾನೇ ಹೇಳಿಕಳಿಸೋವರೆಗೂ ಬರಬೇಡ."

ಅಷ್ಟು ಹೇಳಿ ತಿಯಾ ಇಸೌರಾ ಹೊರಟಳು, ಎಡಗಾಲು ಸ್ವಲ್ಪ ಎಳೆಯುತ್ತ, ಪಾತ್ರೆಯನ್ನು ಮಗುವಿನ ಹಾಗೆ ಸೊಂಟಕ್ಕೆ ಒತ್ತಿಕೊಂಡು, ಒಮ್ಮೆಯೂ ಹಿಂದಿರುಗಿ ನೋಡದೆ. ಹೆನೊವೇವಾಳಿಗೆ ಕಾರಿನ ಸೀಟು ಒಂದು ಹೆಜ್ಜೆಯಲ್ಲಿತ್ತು. ಅವಳು ಕೂರಲಿಲ್ಲ. ಒದ್ದೆ ಬಟ್ಟೆಯಲ್ಲಿ, ಕರ್ಚೀಫು ಸುತ್ತಿದ ಕೈ ಕೆಳಗಿಳಿಸಿ, ಬೆನ್ನು ನೆಟ್ಟಗೆ ಮಾಡಿ, ಮುದುಕಿ ತಿರುವು ದಾಟುವ ತನಕ ನಿಂತೇ ಇದ್ದಳು, ನ್ಯಾಯಮೂರ್ತಿಗಳು ಪೀಠದಿಂದ ಎದ್ದು ಹೋಗುವಾಗ ಜನ ನಿಲ್ಲುವ ಹಾಗೆ.